ದಾಖಲೆ ಮಾರಾಟ ಬಂದರೂ ಡೆಲ್ ಷೇರು ಬಿದ್ದಿದ್ದು ಯಾಕೆ?

ಪ್ರಶ್ನೆ: ನನ್ನ ಹೆಂಡತಿ ಬೆಂಗಳೂರಿನಲ್ಲಿ ಡೆಲ್ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಸಂಬಳದ ಜೊತೆ ಪ್ರತಿ ವರ್ಷ ಒಂದಿಷ್ಟು ಕಂಪನಿ ಷೇರೂ ಸಿಗುತ್ತದೆ. ಎಐ ಸರ್ವರ್‌ಗಳಿಂದ (ಎಐ ಕೆಲಸಕ್ಕೆ ಬಳಸುವ ಶಕ್ತಿಶಾಲಿ ಕಂಪ್ಯೂಟರ್‌ಗಳಿಂದ) ಡೆಲ್ ಮಾರಾಟ ಜೋರಾಗಿ ಏರುತ್ತಿದೆ ಎಂದು ಎಲ್ಲ ಕಡೆ ಓದುತ್ತೇವೆ. ಆದರೆ 2025ರ ಆಗಸ್ಟ್‌ನಲ್ಲಿ ದಾಖಲೆ ಮಾರಾಟದ ಫಲಿತಾಂಶ ಬಂದ ಮರುದಿನವೇ ಷೇರು ಬಿತ್ತು. ಕೆಲವು ದೊಡ್ಡ ಹೂಡಿಕೆದಾರರು ಈ ಬೆಳವಣಿಗೆ ಬಗ್ಗೆ ಅನುಮಾನ ಪಡುತ್ತಿದ್ದಾರಂತೆ. ಬೆಳೆಯುತ್ತಿರುವ ಕಂಪನಿ ಮೇಲೆ ಯಾಕೆ ಅನುಮಾನ? ನಾವು ಸಿಕ್ಕ ಷೇರನ್ನು ಇಟ್ಟುಕೊಳ್ಳಬೇಕಾ, ಇನ್ನಷ್ಟು ಕೊಳ್ಳಬೇಕಾ?

ಉತ್ತರ: ಅನುಮಾನ ಪಡುವವರಲ್ಲಿ ಹೆಚ್ಚಿನವರು ಡೆಲ್ ಕೆಟ್ಟ ಕಂಪನಿ ಅನ್ನುತ್ತಿಲ್ಲ. ಮಾರಾಟ ಏರುವುದಿಲ್ಲ ಎಂದೂ ಅನ್ನುತ್ತಿಲ್ಲ. ಅವರು ಕೇಳುತ್ತಿರುವುದು ಬೇರೆ. ಹೊಸದಾಗಿ ಬರುತ್ತಿರುವ ಮಾರಾಟದ ಪ್ರತಿ 100 ಡಾಲರ್‌ನಲ್ಲಿ ಡೆಲ್ ಕೈಯಲ್ಲಿ ಉಳಿಯುವುದೆಷ್ಟು? ಅದು ಎಷ್ಟು ವರ್ಷ ಉಳಿದೀತು? ಈ ಎರಡು ಪ್ರಶ್ನೆ ಹಿಡಿದುಕೊಂಡರೆ ಆಗಸ್ಟ್‌ನಲ್ಲಿ ಆಗಿದ್ದು ವಿಚಿತ್ರ ಅನ್ನಿಸುವುದಿಲ್ಲ. ಅಂದ ಹಾಗೆ, ನಾನು ಇಲ್ಲಿ ಬಳಸುವ ಅಂಕಿಗಳು 2025ರ ನವೆಂಬರ್‌ವರೆಗಿನವು. ಡೆಲ್‌ನ ಹಣಕಾಸು ವರ್ಷ ಜನವರಿ ಕೊನೆಗೆ ಮುಗಿಯುತ್ತದೆ. ಹಾಗಾಗಿ ಅವರ '2025ನೇ ಹಣಕಾಸು ವರ್ಷ' ಅಂದರೆ 2025ರ ಜನವರಿ ಅಂತ್ಯಕ್ಕೆ ಮುಗಿದ ವರ್ಷ.

ನೀವು ಹೇಳಿದ ಆಗಸ್ಟ್ ಫಲಿತಾಂಶವನ್ನೇ ಬಿಡಿಸಿ ನೋಡೋಣ. ಒಟ್ಟು ಮಾರಾಟ 29.8 ಬಿಲಿಯನ್ ಡಾಲರ್, ಹಿಂದಿನ ವರ್ಷದ ಅದೇ ತ್ರೈಮಾಸಿಕಕ್ಕಿಂತ 19% ಜಾಸ್ತಿ. ನಿಜಕ್ಕೂ ದಾಖಲೆ. ಡೆಲ್‌ಗೆ ಎರಡು ದೊಡ್ಡ ವಿಭಾಗಗಳಿವೆ. ಒಂದರಲ್ಲಿ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್. ಇನ್ನೊಂದರಲ್ಲಿ ಸರ್ವರ್, ಸ್ಟೋರೇಜ್, ನೆಟ್‌ವರ್ಕಿಂಗ್. ಎಐ ಸರ್ವರ್ ಬರುವುದು ಈ ಎರಡನೆಯದರಲ್ಲಿ. ಅದರ ಮಾರಾಟ 11.6 ಬಿಲಿಯನ್‌ನಿಂದ 16.8 ಬಿಲಿಯನ್‌ಗೆ ಏರಿತು. 44% ಏರಿಕೆ! ಆದರೆ ಅದೇ ವಿಭಾಗದ ಆಪರೇಟಿಂಗ್ ಲಾಭ, ಅಂದರೆ ಬಡ್ಡಿ, ತೆರಿಗೆ ಕಟ್ಟುವ ಮುಂಚೆ ವ್ಯವಹಾರದಿಂದ ಉಳಿಯುವ ಲಾಭ, ಏರಿದ್ದು ಸುಮಾರು 14% ಮಾತ್ರ. 1.28 ಬಿಲಿಯನ್ ಇದ್ದದ್ದು ಸುಮಾರು 1.47 ಬಿಲಿಯನ್ ಆಯಿತು.

ಈಗ ನೀವೇ ಲೆಕ್ಕ ಹಾಕಿ. ಮಾರಾಟ 5 ಬಿಲಿಯನ್‌ಗಿಂತ ಜಾಸ್ತಿ ಹೆಚ್ಚಾಯಿತು. ಲಾಭ ಹೆಚ್ಚಾಗಿದ್ದು ಸುಮಾರು 0.19 ಬಿಲಿಯನ್. ಅಂದರೆ ಹೊಸದಾಗಿ ಬಂದ ಪ್ರತಿ 100 ಡಾಲರ್ ಮಾರಾಟದಲ್ಲಿ ಉಳಿದದ್ದು 4 ಡಾಲರ್‌ಗಿಂತಲೂ ಕಡಿಮೆ. ಹಿಂದಿನ ವರ್ಷ ಇದೇ ವಿಭಾಗದಲ್ಲಿ ಪ್ರತಿ 100ಕ್ಕೆ 11 ಡಾಲರ್ ಉಳಿಯುತ್ತಿತ್ತು. ಈ ಸಲ ಸರಾಸರಿ 8.8ಕ್ಕೆ ಇಳಿಯಿತು. ಇದರ ಜೊತೆಗೆ ಮುಂದಿನ ತ್ರೈಮಾಸಿಕದ ಲಾಭದ ಬಗ್ಗೆ ಕಂಪನಿ ಕೊಟ್ಟ ಅಂದಾಜೂ ಮಾರುಕಟ್ಟೆ ಎಣಿಸಿದ್ದಕ್ಕಿಂತ ಕಡಿಮೆ ಇತ್ತು. ಮರುದಿನ ಷೇರು ಸುಮಾರು 9% ಕುಸಿಯಿತು.

ಇದು ಮೊದಲ ಸಲವೇನಲ್ಲ. 2024ರ ಮೇ ಕೊನೆಯಲ್ಲೂ ಹೀಗೇ ಆಗಿತ್ತು. ಆಗ ಇನ್ನೂ ಕಟುವಾಗಿತ್ತು. ಸರ್ವರ್ ಮತ್ತು ನೆಟ್‌ವರ್ಕಿಂಗ್ ಮಾರಾಟ 42% ಏರಿ 5.5 ಬಿಲಿಯನ್ ಆಗಿತ್ತು, ಅದರಲ್ಲಿ 1.7 ಬಿಲಿಯನ್ ಎಐ ಸರ್ವರ್‌ಗಳದ್ದು. ಆದರೆ ಇಡೀ ವಿಭಾಗದ ಆಪರೇಟಿಂಗ್ ಲಾಭ 736 ಮಿಲಿಯನ್. ಹಿಂದಿನ ವರ್ಷ ಎಷ್ಟಿತ್ತು ಗೊತ್ತಾ? 740 ಮಿಲಿಯನ್! ಸ್ಟೋರೇಜ್ ಮಾರಾಟ ಇದ್ದಲ್ಲೇ ಇತ್ತು. ಹಾಗಿದ್ದ ಮೇಲೆ ಇಷ್ಟೊಂದು ಎಐ ಸರ್ವರ್ ಮಾರಿ ಬಂದ ಲಾಭ ಎಲ್ಲಿ ಹೋಯಿತು ಎಂಬ ಪ್ರಶ್ನೆ ಸಹಜವಾಗಿ ಎದ್ದಿತು. ಅಷ್ಟರಲ್ಲಾಗಲೇ ಷೇರು ತುಂಬ ಏರಿಬಿಟ್ಟಿತ್ತು. ಒಂದೇ ದಿನದಲ್ಲಿ ಸುಮಾರು 18% ಬಿತ್ತು.

ಲಾಭ ಯಾಕೆ ಉಳಿಯುವುದಿಲ್ಲ? ಮನೆ ಕಟ್ಟುವ ಕಂಟ್ರಾಕ್ಟರ್‌ನನ್ನು ನೆನಪಿಸಿಕೊಳ್ಳಿ. ಮನೆಯವರು ದುಬಾರಿ ಇಟಾಲಿಯನ್ ಮಾರ್ಬಲ್ ಬೇಕು ಅಂದರೆ ಬಿಲ್ಲಿನ ಮೊತ್ತ ಏರುತ್ತದೆ, ಆದರೆ ಆ ಹಣದಲ್ಲಿ ಹೆಚ್ಚಿನ ಪಾಲು ಮಾರ್ಬಲ್ ಅಂಗಡಿಗೇ ಹೋಗುತ್ತದೆ. ಎಐ ಸರ್ವರ್‌ನಲ್ಲಿ ಆ ಮಾರ್ಬಲ್ ಅಂದರೆ ಎನ್‌ವಿಡಿಯಾ ಚಿಪ್. ಎನ್‌ವಿಡಿಯಾದ ಗ್ರಾಸ್ ಮಾರ್ಜಿನ್ (ಮಾರಾಟದ ಹಣದಲ್ಲಿ ಸರಕು ತಯಾರಿಸಿದ ಖರ್ಚು ಕಳೆದು ಉಳಿಯುವ ಪಾಲು) 2025ರ ಜನವರಿಗೆ ಮುಗಿದ ವರ್ಷದಲ್ಲಿ ಸುಮಾರು 75% ಇತ್ತು. ಅದೇ ವರ್ಷ ಡೆಲ್‌ನದು ಸುಮಾರು 22%. ಅದರಲ್ಲೂ ಎಐ ಸರ್ವರ್‌ನ ಮಾರ್ಜಿನ್ ಕಂಪನಿಯ ಸರಾಸರಿಗಿಂತ ಕಡಿಮೆ. ಹಾಗಾಗಿ ಎಐ ಸರ್ವರ್ ಮಾರಾಟ ಜಾಸ್ತಿ ಆದಷ್ಟೂ ಸರಾಸರಿ ಕೆಳಗೆ ಜಗ್ಗುತ್ತದೆ.

ಇನ್ನೊಂದು ಕಡೆಯಿಂದ ಪೈಪೋಟಿ. ಒಳಗಿನ ಚಿಪ್ ಎಲ್ಲರಿಗೂ ಒಂದೇ. ಅಮೆರಿಕದ ಸರ್ವರ್ ಕಂಪನಿ ಸೂಪರ್ ಮೈಕ್ರೊ ಕೂಡ ಅದನ್ನೇ ಹಾಕುತ್ತದೆ, ಎಚ್‌ಪಿಇ (ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್) ಕೂಡ ಅದನ್ನೇ ಹಾಕುತ್ತದೆ, ತೈವಾನ್‌ನ ಫಾಕ್ಸ್‌ಕಾನ್, ಕ್ವಾಂಟಾ ಕೂಡ ಅದನ್ನೇ. ದೊಡ್ಡ ಆರ್ಡರ್ ಕೊಡುವವರು ಬೆರಳೆಣಿಕೆಯ ದೈತ್ಯರು. ಒಂದೊಂದು ಆರ್ಡರ್ ಬಿಲಿಯನ್‌ಗಟ್ಟಲೆ. ಅಂಥ ಗ್ರಾಹಕ ಚೌಕಾಸಿಗೆ ಕೂತರೆ ಮಾರುವವನಿಗೆ ಬೇಡ ಅನ್ನುವ ಧೈರ್ಯ ಬರುವುದಿಲ್ಲ. ಸೂಪರ್ ಮೈಕ್ರೊ ಕಂಪನಿಯ ಗ್ರಾಸ್ ಮಾರ್ಜಿನ್ ಅದರ 2023ರ ಹಣಕಾಸು ವರ್ಷದಲ್ಲಿ ಸುಮಾರು 18% ಇತ್ತು. ಮರುವರ್ಷ ಮಾರಾಟ ದುಪ್ಪಟ್ಟಾಯಿತು, ಮಾರ್ಜಿನ್ 14%ರ ಆಸುಪಾಸಿಗೆ ಇಳಿಯಿತು. ಡೆಲ್ ಬಗ್ಗೆ ಅನುಮಾನ ಪಡುವವರ ಕಣ್ಣು ಮುಂದೆ ಇರುವ ಉದಾಹರಣೆ ಇದು.

ಕಳವಳಕ್ಕೆ ಇನ್ನೂ ಒಂದು ಕಾರಣವಿದೆ, ಕೈಗೆ ಬರುವ ನಗದು. ಇದು ಅರ್ಥವಾಗಬೇಕಾದರೆ ಡೆಲ್ ಬೆಳೆದ ರೀತಿ ಗೊತ್ತಿರಬೇಕು. 1984ರಲ್ಲಿ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ 19 ವರ್ಷದ ಮೈಕೆಲ್ ಡೆಲ್ 1,000 ಡಾಲರ್ ಬಂಡವಾಳದಿಂದ ಶುರು ಮಾಡಿದ ಕಂಪನಿ ಅದು. ಅಂಗಡಿಗಳನ್ನು ಬಿಟ್ಟು ನೇರ ಗ್ರಾಹಕರಿಗೆ ಮಾರುವುದು ಅವರ ದಾರಿ. ಮೊದಲು ಆರ್ಡರ್, ಆಮೇಲೆ ಜೋಡಣೆ. ಗ್ರಾಹಕರ ದುಡ್ಡು ಬೇಗ ಬರುತ್ತಿತ್ತು, ಬಿಡಿಭಾಗ ಕೊಟ್ಟವರಿಗೆ ನಿಧಾನವಾಗಿ ಕೊಡುತ್ತಿದ್ದರು. ಗೋದಾಮಿನಲ್ಲಿ ಕೆಲವೇ ದಿನಕ್ಕೆ ಸಾಕಾಗುವಷ್ಟು ಸರಕು. ಹಾಗಾಗಿ ಕಂಪನಿ ಬೆಳೆದಷ್ಟೂ ಅದರ ಕೈಯಲ್ಲಿ ನಗದು ಜಾಸ್ತಿ ಆಗುತ್ತಿತ್ತು. ಬೇರೆ ಕಂಪನಿಗಳಿಗೆ ಬೆಳೆಯಲು ದುಡ್ಡು ಬೇಕಾಗುತ್ತಿದ್ದರೆ ಡೆಲ್‌ಗೆ ಬೆಳವಣಿಗೆಯೇ ದುಡ್ಡು ತರುತ್ತಿತ್ತು. 1990ರ ದಶಕದಲ್ಲಿ ಆ ಷೇರು ಅಷ್ಟೊಂದು ಏರಿದ್ದರ ಹಿಂದಿನ ಒಂದು ಗುಟ್ಟು ಇದು.

ಎಐ ಸರ್ವರ್ ವ್ಯವಹಾರ ಈ ಲೆಕ್ಕವನ್ನು ಕದಡಿತು. ದುಬಾರಿ ಚಿಪ್ ಮೊದಲೇ ತರಿಸಿಕೊಳ್ಳಬೇಕು. ಗ್ರಾಹಕರ ಡೇಟಾ ಸೆಂಟರ್‌ನಲ್ಲಿ ಕರೆಂಟ್, ಕೂಲಿಂಗ್ ಎಲ್ಲ ತಯಾರಾಗುವವರೆಗೆ ಕಾಯಬೇಕು. 2025ನೇ ಹಣಕಾಸು ವರ್ಷದಲ್ಲಿ ಒಟ್ಟು ಮಾರಾಟ 88.4 ಬಿಲಿಯನ್‌ನಿಂದ 95.6 ಬಿಲಿಯನ್‌ಗೆ ಏರಿತು. ಆದರೆ ವ್ಯವಹಾರದಿಂದ ಬಂದ ನಗದು 8.7 ಬಿಲಿಯನ್‌ನಿಂದ 4.5 ಬಿಲಿಯನ್‌ಗೆ ಇಳಿಯಿತು. ಹತ್ತಿರ ಹತ್ತಿರ ಅರ್ಧ!

ಇಷ್ಟು ಓದಿ ಗಾಬರಿ ಆಗಬೇಡಿ. ಅನುಮಾನ ಪಡುವವರ ಲೆಕ್ಕ ಪೂರ್ತಿ ಗೆದ್ದಿಲ್ಲ. 2024ರ ಮೇ ತಿಂಗಳಲ್ಲಿ ಎಐ ಸರ್ವರ್‌ನಿಂದ ಲಾಭವೇ ಇಲ್ಲ ಎಂದು ಕೆಲವರು ತೀರ್ಮಾನಿಸಿದರಲ್ವಾ? ಆ ಇಡೀ ವರ್ಷ ಮುಗಿದಾಗ ಅದೇ ವಿಭಾಗದ ಆಪರೇಟಿಂಗ್ ಲಾಭ ಸುಮಾರು 4.3 ಬಿಲಿಯನ್‌ನಿಂದ 5.6 ಬಿಲಿಯನ್‌ಗೆ, ಅಂದರೆ 30%ರಷ್ಟು ಏರಿತ್ತು. ಕೊನೆಯ ತ್ರೈಮಾಸಿಕದಲ್ಲಿ ಮಾರ್ಜಿನ್ 18% ದಾಟಿತ್ತು. ಈ ವಿಭಾಗದಲ್ಲಿ ವರ್ಷದ ಮೊದಲ ತ್ರೈಮಾಸಿಕ ಸಾಮಾನ್ಯವಾಗಿ ಸಪ್ಪೆ, ಕೊನೆಯದು ಜೋರು. ಒಂದು ತ್ರೈಮಾಸಿಕ ನೋಡಿ ತೀರ್ಪು ಕೊಟ್ಟವರು ಅಲ್ಲಿ ಎಡವಿದರು. ನಗದಿನ ವಿಷಯವೂ ಹಾಗೇ. 2025ರ ಫೆಬ್ರವರಿಯಿಂದ ಜುಲೈವರೆಗಿನ ಆರು ತಿಂಗಳಲ್ಲೇ 5.3 ಬಿಲಿಯನ್ ಬಂದು ಹಿಂದಿನ ಇಡೀ ವರ್ಷದ್ದನ್ನು ಮೀರಿಸಿತು.

ಹಾಗಾದರೆ ಈ ಜನರ ಮಾತಿಗೆ ಬೆಲೆ ಕೊಡಬೇಕಾ, ಬೇಡವಾ? ಡೆಲ್‌ನ ಇತಿಹಾಸದಲ್ಲೇ ಎರಡು ಘಟನೆಗಳಿವೆ. ಒಂದರಲ್ಲಿ ಅನುಮಾನ ಪಟ್ಟವರು ಸರಿ, ಇನ್ನೊಂದರಲ್ಲಿ ಅನುಮಾನ ಪಟ್ಟು ಮಾರಿದವರು ನಷ್ಟ ಮಾಡಿಕೊಂಡರು.

ಮೊದಲನೆಯದು 2000ರ ನಂತರದ್ದು. 2001ರಲ್ಲಿ ಡೆಲ್ ಪಿಸಿ ಮಾರಾಟದಲ್ಲಿ ಜಗತ್ತಿನ ನಂಬರ್ ಒನ್ ಆಯಿತು. ಪ್ರತಿ ತ್ರೈಮಾಸಿಕವೂ ಮಾರುಕಟ್ಟೆ ನಿರೀಕ್ಷೆಯ ಲಾಭವನ್ನು ಮುಟ್ಟುತ್ತಿತ್ತು. ಎಲ್ಲರೂ ಅದನ್ನು ನೇರ ಮಾರಾಟದ ಮಹಿಮೆ ಅಂದುಕೊಂಡರು. ಒಳಗೆ ಬೇರೆಯದೇ ನಡೆಯುತ್ತಿತ್ತು. ಪ್ರತಿಸ್ಪರ್ಧಿ ಎಎಮ್‌ಡಿ ಕಂಪನಿಯ ಚಿಪ್ ಬಳಸದೆ ತನ್ನ ಚಿಪ್ ಮಾತ್ರ ಬಳಸಿದ್ದಕ್ಕಾಗಿ ಇಂಟೆಲ್ ಕಂಪನಿ ಡೆಲ್‌ಗೆ ಹಣ ಕೊಡುತ್ತಿತ್ತು. ಇದನ್ನು ಡೆಲ್ ಹೂಡಿಕೆದಾರರಿಗೆ ಸರಿಯಾಗಿ ತಿಳಿಸಲಿಲ್ಲ ಎಂಬುದು ಅಮೆರಿಕದ ಷೇರುಪೇಟೆ ನಿಯಂತ್ರಣ ಸಂಸ್ಥೆ ಎಸ್‌ಇಸಿ ಹೊರಿಸಿದ ಆರೋಪ. ಅದರ ಪ್ರಕಾರ ಈ ಹಣ 2003ನೇ ಹಣಕಾಸು ವರ್ಷದಲ್ಲಿ ಡೆಲ್‌ನ ಆಪರೇಟಿಂಗ್ ಲಾಭದ 10%ರಷ್ಟಿತ್ತು. 2006ರಲ್ಲಿ 38%. 2007ನೇ ಹಣಕಾಸು ವರ್ಷದ ಮೊದಲ ತ್ರೈಮಾಸಿಕದಲ್ಲಿ 76%! ಅಂದರೆ ಆ ಮೂರು ತಿಂಗಳ ಲಾಭದ ನಾಲ್ಕನೇ ಮೂರು ಭಾಗ ಕಂಪ್ಯೂಟರ್ ಮಾರಿ ಬಂದದ್ದಲ್ಲ, ಇನ್ನೊಂದು ಕಂಪನಿ ಕೊಟ್ಟ ಹಣ. ಡೆಲ್ ಎಎಮ್‌ಡಿ ಚಿಪ್ ಬಳಸುವುದಾಗಿ ಹೇಳಿದ ಮೇಲೆ ಇಂಟೆಲ್ ಈ ಹಣ ಕಡಿಮೆ ಮಾಡಿತು, ಲಾಭ ಕುಸಿಯಿತು. 2006ರಲ್ಲಿ ಎಚ್‌ಪಿ ಮೊದಲ ಸ್ಥಾನ ಕಸಿದುಕೊಂಡಿತು. 2007ರ ಜನವರಿ ಕೊನೆಗೆ ಮೈಕೆಲ್ ಡೆಲ್ ಮತ್ತೆ ಸಿಇಒ ಆಗಿ ಬರಬೇಕಾಯಿತು. 2010ರಲ್ಲಿ ಕಂಪನಿ 100 ಮಿಲಿಯನ್ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಆರೋಪವನ್ನು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ.

ಇದೇ ಕಾಲದ ಇನ್ನೊಂದು ಸಂಗತಿಗೆ ಬೆಂಗಳೂರಿನ ನಂಟಿದೆ. ಖರ್ಚು ಉಳಿಸಲು ಡೆಲ್ ಗ್ರಾಹಕರ ಕರೆಗಳನ್ನು ಬೆಂಗಳೂರಿನ ಕೇಂದ್ರಕ್ಕೆ ತಿರುಗಿಸಿತ್ತು. ದೊಡ್ಡ ಕಂಪನಿಗಳಿಂದ ದೂರು ಬಂದಾಗ 2003ರ ನವೆಂಬರ್‌ನಲ್ಲಿ ಆ ಕಾರ್ಪೊರೇಟ್ ಗ್ರಾಹಕರ ಕರೆಗಳನ್ನು ವಾಪಸ್ ಅಮೆರಿಕಕ್ಕೆ ಒಯ್ದಿತು. ಲಾಭದ ಅಂಕಿ ಚೆನ್ನಾಗಿ ಕಾಣುತ್ತಿದ್ದಾಗಲೂ ಗ್ರಾಹಕರ ಅಸಮಾಧಾನ ಬೆಳೆಯುತ್ತಿತ್ತು. ಅದನ್ನು ಆಗಲೇ ಗಮನಿಸಿದ್ದರೆ ಹೂಡಿಕೆದಾರರು ಬೇಗ ಎಚ್ಚೆತ್ತುಕೊಳ್ಳಬಹುದಿತ್ತು. ನನ್ನ ಪ್ರಕಾರ ಈ ಕಥೆಯಲ್ಲಿ ಬೆಂಗಳೂರಿನ ಹುಡುಗ ಹುಡುಗಿಯರ ತಪ್ಪೇನೂ ಇರಲಿಲ್ಲ. ಸೇವೆಗೆ ಬೇಕಾದಷ್ಟು ಖರ್ಚು ಮಾಡದೆ ಲಾಭ ತೋರಿಸುವ ಆತುರದ್ದೇ ತಪ್ಪು.

ಎರಡನೆಯ ಘಟನೆ 2013ರದ್ದು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು, ಪಿಸಿ ಕಾಲ ಮುಗಿಯಿತು, ಇನ್ನೇನಿದ್ದರೂ ಮೊಬೈಲು, ಟ್ಯಾಬ್ಲೆಟ್ಟು. ಅದರಲ್ಲಿ ಸತ್ಯವೂ ಇತ್ತು. ಆ ವರ್ಷ ಮೇ ತಿಂಗಳಲ್ಲಿ ಬಂದ ಫಲಿತಾಂಶದಲ್ಲಿ ಡೆಲ್‌ನ ನಿವ್ವಳ ಲಾಭ 79% ಕುಸಿದು 130 ಮಿಲಿಯನ್‌ಗೆ ಇಳಿದಿತ್ತು. ಅಂಥ ಹೊತ್ತಲ್ಲಿ ಮೈಕೆಲ್ ಡೆಲ್ ಮತ್ತು ಸಿಲ್ವರ್ ಲೇಕ್ ಎಂಬ ಹೂಡಿಕೆ ಸಂಸ್ಥೆ ಸೇರಿ ಇಡೀ ಕಂಪನಿಯನ್ನು ಕೊಂಡು ಷೇರುಪೇಟೆಯಿಂದ ಹೊರಗೆ ಒಯ್ಯಲು ಮುಂದಾದರು. ಕೊನೆಗೆ ಕೊಟ್ಟ ಬೆಲೆ ಷೇರಿಗೆ 13.75 ಡಾಲರ್, ಜೊತೆಗೆ 13 ಸೆಂಟ್ ವಿಶೇಷ ಲಾಭಾಂಶ. ಒಟ್ಟು ಸುಮಾರು 24.9 ಬಿಲಿಯನ್. ಅದಕ್ಕೆ ಹಿಂದಿನ ಪೂರ್ಣ ವರ್ಷದ ನಿವ್ವಳ ಲಾಭ ಸುಮಾರು 2.4 ಬಿಲಿಯನ್. ಅಂದರೆ ಹತ್ತು ವರ್ಷದ ಲಾಭದಷ್ಟೇ ಬೆಲೆ.

ಅಮೆರಿಕದ ದೊಡ್ಡ ಹೂಡಿಕೆದಾರ ಕಾರ್ಲ್ ಐಕಾನ್ ಮತ್ತು ಸೌತ್‌ಈಸ್ಟರ್ನ್ ಎಂಬ ಹೂಡಿಕೆ ಸಂಸ್ಥೆ ಇದು ತೀರಾ ಕಡಿಮೆ ಬೆಲೆ ಎಂದು ತಿಂಗಳುಗಟ್ಟಲೆ ಜಗಳ ಆಡಿದರು. ಆದರೆ ಬೆಳವಣಿಗೆ ಮೇಲೆ ನಂಬಿಕೆ ಕಳೆದುಕೊಂಡಿದ್ದ ಹೆಚ್ಚಿನವರು ಸಿಕ್ಕಿದ್ದೇ ಸಾಕು ಎಂದು ಒಪ್ಪಿದರು. ಮುಂದೆ ಏನಾಯಿತು? 2016ರಲ್ಲಿ ಡೆಲ್ ಸುಮಾರು 67 ಬಿಲಿಯನ್ ಡಾಲರ್ ಒಪ್ಪಂದದಲ್ಲಿ ಇಎಮ್‌ಸಿ ಎಂಬ ಸ್ಟೋರೇಜ್ ಕಂಪನಿಯನ್ನು ಕೊಂಡಿತು, ಅದರ ಜೊತೆ ವಿಎಮ್‌ವೇರ್ ಎಂಬ ಸಾಫ್ಟ್‌ವೇರ್ ಕಂಪನಿಯ ದೊಡ್ಡ ಪಾಲೂ ಬಂತು. 2018ರ ಡಿಸೆಂಬರ್‌ನಲ್ಲಿ ಮತ್ತೆ ಷೇರುಪೇಟೆಗೆ ಮರಳಿತು. 2021ರಲ್ಲಿ ವಿಎಮ್‌ವೇರ್ ಅನ್ನು ಬೇರ್ಪಡಿಸಿ ಆ ಷೇರುಗಳನ್ನು ತನ್ನ ಷೇರುದಾರರಿಗೆ ಹಂಚಿತು. ಪಿಸಿ ಬೆಳೆಯುವುದಿಲ್ಲ ಎಂದವರ ಮಾತು ಬಹುಮಟ್ಟಿಗೆ ಸರಿಯೇ. ಆದರೆ ಆ ಭಯವೆಲ್ಲ ಬೆಲೆಯಲ್ಲಿ ಆಗಲೇ ಸೇರಿಹೋಗಿತ್ತು. ಅದನ್ನು ನೋಡಿದ್ದು ಮೈಕೆಲ್ ಡೆಲ್. ಈ ವ್ಯತ್ಯಾಸ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. ಕಂಪನಿ ನಿಧಾನವಾಗಿ ಬೆಳೆಯುತ್ತದೆ ಅನ್ನುವುದು ಒಂದು ಮಾತು, ಷೇರಿನ ಬೆಲೆ ಜಾಸ್ತಿ ಆಯಿತು ಅನ್ನುವುದು ಇನ್ನೊಂದು ಮಾತು. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಪಿಸಿ ವಿಭಾಗದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕೋವಿಡ್ ಕಾಲದಲ್ಲಿ ಎಲ್ಲರೂ ಲ್ಯಾಪ್‌ಟಾಪ್ ಕೊಂಡಾಗ, 2022ನೇ ಹಣಕಾಸು ವರ್ಷದಲ್ಲಿ ಅದರ ಮಾರಾಟ 61.5 ಬಿಲಿಯನ್ ಇತ್ತು. 2025ರಲ್ಲಿ 48.4 ಬಿಲಿಯನ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿದ್ದರಿಂದ ಕಂಪನಿಗಳು ಹಳೆಯ ಯಂತ್ರ ಬದಲಿಸುತ್ತಿವೆ, ಅದು ನಿಜ. ಅದು ಒಂದು ಸಲದ ಲಾಭ. ಇದರ ನಡುವೆ ಮೆಮೊರಿ ಚಿಪ್ ಬೆಲೆ ಏರತೊಡಗಿತು. ಎಐಗೆ ಬೇಕಾದ ಮೆಮೊರಿ ತಯಾರಿಸಲು ಕಾರ್ಖಾನೆಗಳು ಆದ್ಯತೆ ಕೊಟ್ಟಿದ್ದರಿಂದ ಸಾಮಾನ್ಯ ಲ್ಯಾಪ್‌ಟಾಪ್ ಮೆಮೊರಿಗೂ ಕೊರತೆ. 2025ರ ನವೆಂಬರ್‌ನಲ್ಲಿ ಮೋರ್ಗನ್ ಸ್ಟಾನ್ಲಿ ಎಂಬ ಹೂಡಿಕೆ ಬ್ಯಾಂಕ್ ಇದೇ ಕಾರಣ ಕೊಟ್ಟು ಡೆಲ್ ಷೇರಿನ ಶಿಫಾರಸನ್ನು ಒಂದೇ ಸಲಕ್ಕೆ ಎರಡು ಮೆಟ್ಟಿಲು ಕೆಳಗಿಳಿಸಿತು. ಏರಿದ ಬೆಲೆಯನ್ನು ಡೆಲ್ ಗ್ರಾಹಕರ ಮೇಲೆ ಹಾಕಬಲ್ಲದಾ ಎಂಬುದು ಅಲ್ಲಿನ ಪ್ರಶ್ನೆ. ಸರಬರಾಜು ನಿಭಾಯಿಸುವುದರಲ್ಲಿ ಡೆಲ್ ಹಿಂದಿನಿಂದಲೂ ಗಟ್ಟಿ. ಈ ಒಂದು ವಿಷಯದಲ್ಲಿ ನಾನು ಅನುಮಾನಿಗರಷ್ಟು ಹೆದರುವುದಿಲ್ಲ.

ಕಂಪನಿ ತಾನೇ ಏನು ಹೇಳುತ್ತಿದೆ? 2025ರ ಅಕ್ಟೋಬರ್‌ನಲ್ಲಿ ತನ್ನ ದೀರ್ಘಕಾಲದ ಗುರಿ ಏರಿಸಿತು. ವರ್ಷಕ್ಕೆ 3ರಿಂದ 4% ಎಂದಿದ್ದ ಮಾರಾಟದ ಬೆಳವಣಿಗೆ 7ರಿಂದ 9% ಆಯಿತು. ಪ್ರತಿ ಷೇರಿನ ಗಳಿಕೆಯ ಗುರಿ 8%ರಿಂದ 15% ಅಥವಾ ಅದಕ್ಕಿಂತ ಜಾಸ್ತಿ ಆಯಿತು. ಇಲ್ಲೊಂದು ಸೂಕ್ಷ್ಮ ಇದೆ. ಮಾರಾಟ 8% ಬೆಳೆದರೆ ಷೇರಿನ ಗಳಿಕೆ 15% ಹೇಗೆ ಬೆಳೆಯುತ್ತದೆ? ಒಂದು, ಖರ್ಚು ಕಡಿತ. ಎರಡು, ಕಂಪನಿ ತನ್ನದೇ ಷೇರು ಕೊಂಡು ಒಟ್ಟು ಷೇರುಗಳ ಸಂಖ್ಯೆ ಇಳಿಸುವುದು. ನೌಕರರ ಸಂಖ್ಯೆ 2023ರ ಆರಂಭದಲ್ಲಿ ಸುಮಾರು 1,33,000 ಇತ್ತು. 2025ರ ಆರಂಭಕ್ಕೆ ಸುಮಾರು 1,08,000ಕ್ಕೆ ಇಳಿದಿದೆ. ಖರ್ಚು ಕಡಿತ ಎಲ್ಲಿಂದ ಬರುತ್ತಿದೆ ಎಂದು ನಿಮ್ಮಂಥ ಮನೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಎಐ ಸರ್ವರ್ ಮಾರಾಟ ನಿಜ, ಆರ್ಡರ್‌ಗಳು ನಿಜ. ಆದರೆ ಆ ಮಾರಾಟವೊಂದೇ ಷೇರುದಾರರನ್ನು ಶ್ರೀಮಂತರನ್ನಾಗಿ ಮಾಡುವುದಿಲ್ಲ. ಎಐ ಸರ್ವರ್ ಕೊಂಡ ಗ್ರಾಹಕ ಅದರ ಜೊತೆ ಡೆಲ್‌ನ ಸ್ಟೋರೇಜ್, ನೆಟ್‌ವರ್ಕಿಂಗ್, ಸೇವೆ ಎಲ್ಲ ಕೊಂಡರೆ ಅಲ್ಲಿ ಒಳ್ಳೆಯ ಮಾರ್ಜಿನ್ ಇದೆ. ಆಗಸ್ಟ್ ಫಲಿತಾಂಶದಲ್ಲಿ ನನಗೆ ಕಳವಳ ತಂದ ಅಂಕಿ ಅದೇ. ಸರ್ವರ್ ಅಷ್ಟೊಂದು ಏರಿದಾಗ ಸ್ಟೋರೇಜ್ ಮಾರಾಟ 3% ಇಳಿದಿತ್ತು. ಮುಂದಿನ ಫಲಿತಾಂಶ ಬಂದಾಗ ನೀವು ದೊಡ್ಡ ಹೆಡ್‌ಲೈನ್ ಬಿಟ್ಟು ಆ ಸಾಲು ಹುಡುಕಿ. ಸ್ಟೋರೇಜ್ ಏರುತ್ತಿದೆಯಾ? ಸರ್ವರ್ ವಿಭಾಗದ ಆಪರೇಟಿಂಗ್ ಲಾಭ ಹೋದ ವರ್ಷದ ಅದೇ ತ್ರೈಮಾಸಿಕಕ್ಕಿಂತ ಎಷ್ಟು ಏರಿದೆ? ಇಡೀ ವರ್ಷದಲ್ಲಿ ಬಂದ ನಗದು ಎಷ್ಟು? ಬಾಕಿ ಆರ್ಡರ್‌ಗಳ ಮೊತ್ತ ಸುಮ್ನೆ ಖುಷಿ ಕೊಡುತ್ತದೆ, ಅದರಲ್ಲಿ ಮಾರ್ಜಿನ್ ಎಷ್ಟು ಎಂದು ಅದು ಹೇಳುವುದಿಲ್ಲ.

ಇನ್ನು ನಿಮ್ಮ ಮನೆಯ ವಿಷಯ. ಇನ್ನಷ್ಟು ಕೊಳ್ಳಬೇಡಿ ಎಂದೇ ಹೇಳುತ್ತೇನೆ. ಇದು ಡೆಲ್ ಮೇಲಿನ ಅಪನಂಬಿಕೆಯಿಂದ ಹೇಳುವ ಮಾತಲ್ಲ. ನಿಮ್ಮ ಮನೆಯ ಸಂಬಳ ಅದೇ ಕಂಪನಿಯಿಂದ ಬರುತ್ತಿದೆ, ಬೋನಸ್ಸೂ ಅಲ್ಲಿಂದಲೇ, ಷೇರೂ ಅಲ್ಲಿಂದಲೇ. ಎಐ ಖರ್ಚು ಒಂದು ದಿನ ನಿಂತರೆ ಷೇರು ಬೀಳುವುದೂ ಕೆಲಸ ಕಡಿತವೂ ಒಟ್ಟಿಗೆ ಬರುತ್ತವೆ. ಅಂಥ ಹೊತ್ತಲ್ಲಿ ಕೈ ಹಿಡಿಯುವ ಉಳಿತಾಯ ಬೇರೆ ಕಡೆ ಇರಬೇಕು. ಸಿಕ್ಕ ಷೇರಿನ ಬೆಲೆಗೆ, ಅದು ಕೈಗೆ ಬಂದ ವರ್ಷವೇ, ಸಂಬಳದ ಲೆಕ್ಕದಲ್ಲಿ ತೆರಿಗೆ ಕಟ್ಟಿರುತ್ತೀರಿ. ಹಾಗಾಗಿ ಬಂದ ಕೂಡಲೇ ಮಾರಿದರೆ ಹೆಚ್ಚುವರಿ ತೆರಿಗೆ ಹೆಚ್ಚೇನೂ ಬೀಳುವುದಿಲ್ಲ. ಒಂದಿಷ್ಟು ಇಟ್ಟುಕೊಳ್ಳುವ ಆಸೆ ಇದ್ದರೆ ಇಟ್ಟುಕೊಳ್ಳಿ, ಆದರೆ ಒಟ್ಟು ಉಳಿತಾಯದ ಹತ್ತನೇ ಒಂದು ಭಾಗ ದಾಟದಂತೆ ನೋಡಿಕೊಳ್ಳಿ. ಉಳಿದದ್ದನ್ನು ಪ್ರತಿ ವರ್ಷ ಬಂದಂತೆ ಮಾರಿ ಬೇರೆ ಕಡೆ ಹಾಕಿ. ಬೆಲೆ ಇನ್ನೂ ಏರೀತು ಎಂದು ಕಾಯುವ ಚಟ ಬೇಡ.

ಇಟ್ಟುಕೊಂಡ ಷೇರುಗಳನ್ನು ನಿಮ್ಮ ಹೆಂಡತಿಯ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಪ್ರತಿ ವರ್ಷ ತೋರಿಸಲೇಬೇಕು. ಷೇರು ಮಾರದಿದ್ದರೂ ತೋರಿಸಬೇಕು. ಆ ಪಟ್ಟಿಗೆ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ, ನಮ್ಮ ಏಪ್ರಿಲ್-ಮಾರ್ಚ್ ಲೆಕ್ಕ ಅಲ್ಲ. ಡೆಲ್ ಕೊಡುವ ಲಾಭಾಂಶದಲ್ಲಿ ಅಮೆರಿಕ ಸಾಮಾನ್ಯವಾಗಿ 25% ತೆರಿಗೆ ಹಿಡಿದುಕೊಳ್ಳುತ್ತದೆ. ಅದಕ್ಕೆಂದು ನಿಗದಿಯಾದ ನಮೂನೆ ಸಲ್ಲಿಸಿದರೆ ಅದನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಈ ವರ್ಷದ ನಮೂನೆ, ಗಡುವು ಏನಿದೆ ಎಂದು ರಿಟರ್ನ್ ತುಂಬುವ ಮುಂಚೆ ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.